ಇಪ್ಪತ್ತೆರಡನೇ ಚೀಟಿ

ಬಾಸೆಲ್ ಊರಿನ ವೈದ್ಯ ಹಿರೋನಿಮಸ್ ಬ್ರಾಂಡ್ಲರ್ ಅವರ ಒಣಗಿಡದ ಪುಸ್ತಕಗಳು ಈಗ ಅವರ ಮಗನ ಮನೆಯಲ್ಲಿವೆ. ಒಟ್ಟು ಹದಿನೇಳು. ಹೊರಗಿನ ಪಂಡಿತರು ಬಂದು ನೋಡಿ ಹೋಗುತ್ತಾರೆ. ಪ್ರತಿ ಹಾಳೆಯ ಮೇಲೂ ಒಂದು ಗಿಡ, ಅದರ ಕೆಳಗೆ ಗಿಡದ ಹೆಸರು, ಕಳಿಸಿಕೊಟ್ಟವರ ಹೆಸರು. ಆ ಗಿಡಗಳನ್ನು ಒಣಗಿಸಿ ಅಂಟಿಸಿದವಳ ಹೆಸರು ಮಾತ್ರ ಎಲ್ಲೂ ಇಲ್ಲ. ಅವಳು ಅಪೊಲೋನಿಯಾ. ಊರವರಿಗೆ ಪ್ಲೋನಿ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಹಾಗಾಗಿ ನನಗೆ ಪ್ಲೋನಕ್ಕ.

ನಾನು ಫ್ರಿಡ್ಲಿ, ಪತ್ರ ಹೊರುವವನು. ಬಾಸೆಲ್‌ನಿಂದ ಬೀಲ್ ಊರಿಗೆ ಮೂರು ದಿನದ ದಾರಿ. ಬಿರ್ಸ್ ಹೊಳೆಯ ಗುಂಟ ಹತ್ತಿ, ತೂತುಬಂಡೆ ಎಂಬ ಬೆಟ್ಟದ ಕಿಂಡಿ ದಾಟಿ, ಕೆರೆಯ ಕಡೆಗೆ ಇಳಿಯಬೇಕು. ಇಪ್ಪತ್ತಾರು ವರ್ಷ ಆ ದಾರಿ ನಡೆದಿದ್ದೇನೆ.

ಪ್ಲೋನಕ್ಕನ ಗಂಡ ಸಂತ ಆಲ್ಬಾನನ ಕೇರಿಯ ಕಾಗದದ ಗಿರಣಿಯಲ್ಲಿ ತೊಟ್ಟಿಯಿಂದ ಹಾಳೆ ಎತ್ತುತ್ತಿದ್ದ. ದೊಡ್ಡ ಪ್ಲೇಗು ಬಂದ ವರ್ಷ ಅವನೂ ಹೋದ, ಇಬ್ಬರು ಮಕ್ಕಳೂ ಹೋದರು. ಅವಳು ಉಳಿದಳು. ಬ್ರಾಂಡ್ಲರ್ ವೈದ್ಯರಿಗೆ ಗಿಡ ಒಣಗಿಸಲು ಒರಟು ಕಾಗದ ಬೇಕಾಗಿತ್ತು. ಗಿರಣಿಯಿಂದ ಹೊರೆ ತಂದುಕೊಟ್ಟವಳು, ವೈದ್ಯರು ಗಿಡ ಒಣಗಿಸಿದ್ದನ್ನು ನೋಡಿ, ಇದು ಒಣಗಿದ್ದಲ್ಲ, ಬೆಂದಿದ್ದು ಎಂದಳಂತೆ. ವೈದ್ಯರು ನಕ್ಕು, ಹಾಗಾದರೆ ನೀನೇ ಮಾಡು ಎಂದರಂತೆ. ಅವತ್ತಿನಿಂದ ಆ ಮನೆಯ ಹಿಂದಿನ ಕೋಣೆ ಅವಳದಾಯಿತು.

ಅವಳ ಕೈಗೆ ಕಾಗದ ಗೊತ್ತಿತ್ತು. ಬೆರಳಲ್ಲಿ ಹಿಡಿದರೆ ಸಾಕು, ಇದರಲ್ಲಿ ಇನ್ನೂ ಎಷ್ಟು ನೀರಿದೆ ಎಂದು ಹೇಳುತ್ತಿದ್ದಳು. ಓದು ಬರುತ್ತಿರಲಿಲ್ಲ. ಗಿರಣಿಯಲ್ಲಿ ಹಾಳೆ ಎಣಿಸಿ ಎಣಿಸಿ ಅಂಕಿ ಮಾತ್ರ ಬರುತ್ತಿತ್ತು. ಆ ಕೆಲಸಕ್ಕೆ ಅಂಕಿಯೇ ಸಾಕಾಗಿತ್ತು.

ಬೀಲ್ ಊರಲ್ಲಿ ಮೆಲ್ಕಿಯೋರ್ ಎಗ್ಲಿನ್ ಎಂಬ ವೈದ್ಯರಿದ್ದರು. ಕೆರೆಯಾಚೆಯ ದೊಡ್ಡ ಜೌಗಿನಲ್ಲಿ ಮೊಣಕಾಲುದ್ದ ಕೆಸರು ತುಳಿದು ಗಿಡ ಕಿತ್ತು ತರುವವರು. ಒಂದೊಂದು ಗಿಡದಲ್ಲೂ ಎರಡೆರಡು ಕೀಳುತ್ತಿದ್ದರು. ಒಂದು ಚೀಟಿಯನ್ನು ಮಡಿಸಿ, ಎರಡು ಪದರಕ್ಕೂ ಒಟ್ಟಿಗೆ ಚಾಕುವಿನಿಂದ ಸೀಳು ಹಾಕಿ, ಆಮೇಲೆ ಎರಡಾಗಿ ಹರಿಯುತ್ತಿದ್ದರು. ಎರಡರ ಮೇಲೂ ಒಂದೇ ಅಂಕಿ. ಸೀಳಿನೊಳಗೆ ಗಿಡದ ಕಾಂಡ ತೂರಿಸಿ, ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ನನ್ನ ಹತ್ತಿರ ಬಾಸೆಲ್‌ಗೆ ಕಳಿಸುತ್ತಿದ್ದರು. ಬ್ರಾಂಡ್ಲರ್ ವೈದ್ಯರು ಅಂಕಿಯ ಮುಂದೆ ಗಿಡದ ಹೆಸರು, ಗುಣ ಬರೆದು ಪತ್ರ ಮಾತ್ರ ವಾಪಸು ಕಳಿಸಿದರೆ ಆಯಿತು. ಗಿಡ ಮತ್ತೆ ಹೊರುವ ಕೆಲಸವಿಲ್ಲ. ಎಲ್ಲ ಊರಿನ ಪಂಡಿತರೂ ಹೀಗೇ ಮಾಡುತ್ತಿದ್ದರು.

ಅವರ ಪತ್ರಗಳಲ್ಲಿ ಅರ್ಧ ಪುಟ ಬರೀ ಉಭಯ ಕುಶಲೋಪರಿ. ವೈದ್ಯರು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರೆ ಹಿಂದಿನ ಕೋಣೆಗೂ ಕೇಳುತ್ತಿತ್ತು. “ಇವರು ಒಬ್ಬರಿಗೊಬ್ಬರು ನಮಸ್ಕಾರ ಹೇಳಿ ಮುಗಿಸೋದ್ರೊಳಗೆ ಗಿಡಕ್ಕೆ ಬೂಷ್ಟು ಹಿಡಿಯುತ್ತೆ ಕಣೋ,” ಎನ್ನುತ್ತಿದ್ದಳು ಪ್ಲೋನಕ್ಕ.

ಅವಳದೊಂದು ಕಟ್ಟುನಿಟ್ಟಿತ್ತು. ವೈದ್ಯರು ಪತ್ರ ಬರೆದು ಮುಗಿಸುವವರೆಗೆ ಯಾವ ಗಿಡದಿಂದಲೂ ಚೀಟಿ ತೆಗೆಯಬಾರದು. ಒಂಬತ್ತು ವರ್ಷ ಅದನ್ನು ಮೀರಿರಲಿಲ್ಲ.

ಹತ್ತನೇ ವರ್ಷದ ಅಕ್ಟೋಬರಿನಲ್ಲಿ ನಾನು ಬೀಲ್‌ನಿಂದ ಒಂದು ಹೊರೆ ತಂದೆ. ನಲವತ್ತು ಗಿಡ ಇತ್ತು. ಬೇಸಿಗೆಯಲ್ಲಿ ಎಲ್ಲೋ ದೂರದಲ್ಲಿ ಮತ್ತೆ ಪ್ಲೇಗು ಕಾಣಿಸಿತ್ತು. ಹೊರಗಿಂದ ಬಂದ ಗಂಟು, ಪತ್ರ ಎಲ್ಲ ಬಿಚ್ಚಬೇಕು, ಹೊಗೆ ಹಾಕಬೇಕು, ವಿನಿಗರ್ ಚಿಮುಕಿಸಬೇಕು ಎಂದು ಊರ ಬಾಗಿಲಲ್ಲಿ ಅಪ್ಪಣೆಯಾಗಿತ್ತು. ಏಶೆನ್ ಬಾಗಿಲ ಕಾವಲಿನ ಕ್ಲೇವಿ ನನ್ನನ್ನು ತಡೆದ.

“ಏನಯ್ಯಾ ಫ್ರಿಡ್ಲಿ, ಈ ಸಲ ಯಾವೂರ ಹಸೂಗೆ ಮೇವು?” ಎಂದ.

ಇದು ವೈದ್ಯರದು, ಒಣ ಗಿಡ, ಒದ್ದೆ ಮಾಡಬೇಡ ಎಂದು ಬೇಡಿಕೊಂಡೆ. ಅಪ್ಪಣೆ ಅಪ್ಪಣೆಯೇ ಎಂದ. ಚಿಮುಕಿಸು ಎಂದರೆ ಅವನು ಸುರಿದ.

ಮನೆ ಮುಟ್ಟುವ ಹೊತ್ತಿಗೆ ಹೊರೆ ತೊಟ್ಟಿಕ್ಕುತ್ತಿತ್ತು. ಪ್ಲೋನಕ್ಕ ಬೈಯಲಿಲ್ಲ. ನನ್ನ ಕೈಯಿಂದ ಕಿತ್ತುಕೊಂಡು ಒಲೆಯ ಹತ್ತಿರ ಕೂತಳು. ಒದ್ದೆ ಹಾಳೆಯಲ್ಲಿ ಗಿಡ ಒಂದು ದಿನ ಇದ್ದರೆ ಕಪ್ಪಾಗುತ್ತದೆ, ಎರಡು ದಿನ ಇದ್ದರೆ ಕೊಳೆಯುತ್ತದೆ. ನೆನೆದ ಚೀಟಿಗಳು ಕಾಂಡಕ್ಕೆ ಅಂಟಿಕೊಂಡಿದ್ದವು. ಎಳೆದರೆ ಹರಿಯುತ್ತವೆ, ಬಿಟ್ಟರೆ ಗಿಡ ಕೊಳೆಯುತ್ತದೆ. ಅವಳು ಒಂದೊಂದೇ ಗಿಡ ಬಿಡಿಸಿ, ಚೀಟಿ ಮೆಲ್ಲಗೆ ಜಾರಿಸಿ, ಗಿಡಗಳನ್ನು ಹಲಗೆಯ ಮೇಲೆ ಸಾಲಾಗಿ ಹರವಿದಳು. ಪ್ರತಿ ಗಿಡದ ಬುಡದಲ್ಲಿ ಅದರದರ ಚೀಟಿ. ನನ್ನನ್ನು ಗಿರಣಿಗೆ ಓಡಿಸಿದಳು, ಒಣ ಕಾಗದ ತಾ ಎಂದು.

ನಾನು ಕಾಗದದ ಹೊರೆ ಹೊತ್ತು ಬಂದೆ. ಕೈ ಖಾಲಿ ಇರಲಿಲ್ಲ. ಬಾಗಿಲನ್ನು ಕಾಲಿಂದ ತಳ್ಳಿದೆ. ರೈನ್ ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಲಗೆಯ ತುದಿಯಲ್ಲಿ ಒಲೆಯ ಕಾವಿಗೆ ಅರೆ ಒಣಗಿದ್ದ ಎರಡು ಚೀಟಿ ಹಾರಿ ನೆಲಕ್ಕೆ ಬಿದ್ದವು. ಅವಳು ಬಗ್ಗಿ ಎತ್ತಿದಳು. ಇಪ್ಪತ್ತೆರಡು, ಇಪ್ಪತ್ತೇಳು. ಎರಡು ಗಿಡವೂ ಜೌಗಿನವು, ಎರಡಕ್ಕೂ ಕೊತ್ತಂಬರಿಯ ಹಾಗೆ ಬಿಳಿ ಹೂವಿನ ಗೊಂಚಲು. ನೆನೆದು ಮೆತ್ತಗಾದ ಮೇಲೆ ಎರಡೂ ಒಂದೇ ತರ ಕಾಣುತ್ತಿದ್ದವು, ಚೀಟಿಗಳ ಸೀಳೂ ಅಂಟಿ ಮುಚ್ಚಿಹೋಗಿತ್ತು. ಅವಳು ಒಂದು ಗಳಿಗೆ ನೋಡಿ, ಇದು ಇದರದು, ಅದು ಅದರದು ಎಂದು ಇಟ್ಟಳು. ನಾನು ಹೊರೆ ಇಳಿಸಿದೆ. ಇನ್ನೂ ಮೂವತ್ತೆಂಟು ಗಿಡದ ಹಾಳೆ ಬದಲಾಯಿಸಬೇಕಿತ್ತು.

ಆ ಸಲದ ಎಗ್ಲಿನ್ ವೈದ್ಯರ ಪತ್ರದಲ್ಲಿ ಒಂದು ಪ್ರಶ್ನೆ ಇತ್ತು. ಬೀಲ್‌ನಲ್ಲಿ ಮಕ್ಕಳಿಗೆ ನಾಯಿಕೆಮ್ಮು ಹತ್ತಿದೆ. ಜೌಗಿನ ಕಡೆಯ ಒಬ್ಬ ಮುದುಕಿ ಒಂದು ಬೇರನ್ನು ಹಾಲಿನಲ್ಲಿ ಕುದಿಸಿ ಕೊಟ್ಟು ವಾಸಿ ಮಾಡುತ್ತಿದ್ದಳು, ಈಗ ಅವಳಿಲ್ಲ. ಆ ಬೇರು ಇಪ್ಪತ್ತೆರಡೋ ಇಪ್ಪತ್ತೇಳೋ ತಿಳಿಯದು. ಹಿಂದಿನವರ ಗ್ರಂಥ ನೋಡಿ ತಿಳಿಸಬೇಕು. ಬ್ರಾಂಡ್ಲರ್ ವೈದ್ಯರು ನಾಲ್ಕು ದಿನ ಗ್ರಂಥ ತಿರುವಿ ಉತ್ತರ ಬರೆದರು. ಇಪ್ಪತ್ತೆರಡು ಒಳ್ಳೆಯದು, ಧೈರ್ಯವಾಗಿ ಕೊಡಿ. ಇಪ್ಪತ್ತೇಳು ವಿಷ, ದನ ತಿಂದರೂ ಸಾಯುತ್ತದೆ. ನವೆಂಬರಿನ ಸಂತ ಮಾರ್ಟಿನ್ ಹಬ್ಬದ ಮಾರನೇ ದಿನ ನಾನೇ ಆ ಪತ್ರ ಹೊತ್ತು ಹೋದೆ.

ಡಿಸೆಂಬರ್ ಮೊದಲ ವಾರ ಪ್ಲೋನಕ್ಕ ಆ ಗಿಡಗಳನ್ನು ಪುಸ್ತಕಕ್ಕೆ ಅಂಟಿಸಿದಳು. ಚೀಟಿಯನ್ನೂ ಗಿಡದ ಪಕ್ಕ ಅಂಟಿಸುವುದು ಅವಳ ಪದ್ಧತಿ. ಇಪ್ಪತ್ತೆರಡರ ಚೀಟಿ ಒಣಗಿ ಮತ್ತೆ ಗಟ್ಟಿಯಾಗಿತ್ತು. ಅದರ ಸೀಳು ಹೆಬ್ಬೆರಳು ತೂರುವಷ್ಟು ದೊಡ್ಡದು. ಅದರ ಜೊತೆಗಿದ್ದ ಗಿಡದ ಕಾಂಡ ಗೋಧಿ ಕಡ್ಡಿಯಷ್ಟು ಸಣ್ಣದು. ಇಪ್ಪತ್ತೇಳನ್ನು ತೆಗೆದು ನೋಡಿದಳು. ಚೀಟಿಯ ಸೀಳು ಸಣ್ಣದು. ಗಿಡದ ಕಾಂಡ ದಪ್ಪ.

ಅವಳು ಹಾಗೇ ಎದ್ದು ಪುಸ್ತಕ ಎತ್ತಿಕೊಂಡು ವೈದ್ಯರ ಮುಂದೆ ಇಟ್ಟಳು. ಇದನ್ನು ಅವಳೇ ನನಗೆ ಹೇಳಿದ್ದು. ನಾನು ಚೀಟಿ ಅದಲುಬದಲು ಮಾಡಿದೆ, ನೀವು ಒಳ್ಳೆಯದು ಎಂದು ಬರೆದದ್ದು ಬೀಲ್‌ನಲ್ಲಿ ವಿಷದ ಗಿಡದ ಮೇಲೆ ಕೂತಿದೆ ಎಂದಳು. ವೈದ್ಯರು ಬಹಳ ಹೊತ್ತು ಆ ಎರಡು ಹಾಳೆ ನೋಡಿದರು. ಅವರಿಗೆ ಅರ್ಥವಾಯಿತು ಎಂದು ಅವಳಿಗೆ ಕಂಡಿತು. ಆಮೇಲೆ ಪುಸ್ತಕ ಮುಚ್ಚಿದರು.

“ಸೀಳು ದೊಡ್ಡದು, ಕಾಂಡ ಸಣ್ಣದು ಅಂತ ನಾನು ಪತ್ರ ಬರೀಲಾ ಪ್ಲೋನಿ?” ಎಂದರು.

ಬರೆಯಬೇಕು ಎಂದಳು.

ಅವರು ಕೆಟ್ಟವರಲ್ಲ. ಪ್ಲೇಗಿನ ವರ್ಷ ಊರು ಬಿಡದೆ ನಿಂತವರು. ಆದರೆ ಪಂಡಿತರ ಪತ್ರ ಒಬ್ಬರಿಗೆ ಬರೆದದ್ದಲ್ಲ. ಎಗ್ಲಿನ್ ಅದನ್ನು ನಕಲು ಮಾಡಿ ಬೆರ್ನ್‌ಗೆ ಕಳಿಸುತ್ತಾರೆ, ಬೆರ್ನ್‌ನವರು ಜ್ಯೂರಿಕ್‌ಗೆ, ಅಲ್ಲಿಂದ ಜರ್ಮನಿಗೆ. ಆ ಎರಡು ಗಿಡದ ವಿಷಯದಲ್ಲಿ ಇವರು ಬರೆದದ್ದನ್ನು ಜ್ಯೂರಿಕ್‌ನ ಒಬ್ಬ ದೊಡ್ಡವರು ಆಗಲೇ ಹೊಗಳಿ ಬರೆದಿದ್ದರು. ಎಗ್ಲಿನ್‌ಗೆ ಕಣ್ಣಿದೆ, ಕೊಡುವ ಮೊದಲು ನೋಡುತ್ತಾರೆ, ವಸಂತದಲ್ಲಿ ಹಸಿ ಗಿಡ ತರಿಸಿ ನಿಧಾನವಾಗಿ ತಿದ್ದೋಣ ಎಂದರು. ಪ್ಲೋನಕ್ಕ ಕೋಣೆಗೆ ವಾಪಸು ಬಂದಳು.

ಎಂಟು ದಿನ ಕಾದಳು. ದಿನಾ ಬೆಳಿಗ್ಗೆ ಅವರ ಮೇಜಿನ ಮೇಲೆ ಹೊಸ ಪತ್ರ ಇದೆಯೇ ಎಂದು ನೋಡುತ್ತಿದ್ದಳು. ಒಂಬತ್ತನೇ ದಿನ ನನ್ನ ಮನೆಗೆ ಬಂದಳು. ನಾನು ಒಲೆಯ ಮುಂದೆ ಕೂತು ಬೂಟಿಗೆ ಕೊಬ್ಬು ಹಚ್ಚುತ್ತಿದ್ದೆ. ಅವಳ ಕಂಕುಳಲ್ಲಿ ಎರಡು ತೆಳು ಹಲಗೆ, ದಾರದಿಂದ ಬಿಗಿದು ಕಟ್ಟಿದ್ದು. ಒಂಬತ್ತನೇ ಪುಸ್ತಕದಿಂದ ಆ ಎರಡು ಹಾಳೆ ಕತ್ತರಿಸಿ ತಂದಿದ್ದಳು.

“ಬೀಲ್‌ಗೆ ಹೋಗ್ಬೇಕು ಫ್ರಿಡ್ಲಿ. ಇವತ್ತೇ.”

ನನಗೆ ಬೇರೆ ಪತ್ರ ಯಾವುದೂ ಇರಲಿಲ್ಲ, ತೂತುಬಂಡೆಯ ಹತ್ತಿರ ಹಿಮ ಬಿದ್ದಿದೆ ಎಂದು ಸುದ್ದಿ ಬಂದಿತ್ತು. ಅದನ್ನು ಹೇಳಿದೆ. ಅವಳು ಹಲಗೆ ಬಿಚ್ಚಿ ತೋರಿಸಿದಳು. ಎಲ್ಲ ಹೇಳಿದಳು. ವೈದ್ಯರ ಪುಸ್ತಕ ಕತ್ತರಿಸಿದರೆ ಕೆಲಸ ಹೋಗುತ್ತದೆ ಅಲ್ಲವೇ ಎಂದು ಕೇಳಿದೆ.

“ಹೋಗುತ್ತೆ. ಬರೀ ನಿನ್ನ ಬಾಯಿ ಮಾತನ್ನ ಅವರು ನಂಬಲ್ಲ, ಅದಕ್ಕೆ ಕತ್ತರಿಸಿದ್ದು. ನೀನು ಹುಟ್ಟಿದಾಗಿಂದ ಕೂಡಿಟ್ಟ ಮಾತೆಲ್ಲ ಆ ಮನೇಲಿ ಖರ್ಚು ಮಾಡಿ ಬಾ,” ಎಂದಳು.

ಅವತ್ತು ಬಾಗಿಲಿನ ಗಾಳಿ ನನ್ನಿಂದ ಬಂದದ್ದು ಎಂದು ಹೇಳಬೇಕು ಅನಿಸಿತು. ಹೇಳಲಿಲ್ಲ. ಬೂಟು ಹಾಕಿಕೊಂಡು ಹೊರಟೆ.

ಎರಡೂವರೆ ದಿನದಲ್ಲಿ ನಡೆದೆ. ಡೆಲ್ಸ್‌ಬೆರ್ಗ್‌ನಲ್ಲಿ ಬಿಷಪ್ಪರ ಜನ ಆಗಲೇ ಕ್ರಿಸ್ಮಸ್ ಗಂಟೆ ಬಾರಿಸುತ್ತಿದ್ದರು. ಅವರದು ಪೋಪರ ಹೊಸ ಪಂಚಾಂಗ, ನಮ್ಮ ಹಳೆಯದಕ್ಕಿಂತ ಹತ್ತು ದಿನ ಮುಂದೆ. ಒಬ್ಬ ಹೆಂಗಸು ಬಿಸಿ ಮರಸೇಬಿನ ರೊಟ್ಟಿ ಕೊಟ್ಟು, ಹಬ್ಬದ ದಿನ ಯಾರಪ್ಪ ನಡೆಯೋರು, ಪಾಪ ಹತ್ತುತ್ತೆ ಎಂದಳು. ನಮ್ಮೂರಲ್ಲಿ ಇನ್ನೂ ಹಬ್ಬ ಆಗಿಲ್ಲ ಎಂದು ಹೇಳಿ ತಿನ್ನುತ್ತಲೇ ನಡೆದೆ. ತೂತುಬಂಡೆಯ ಹತ್ತಿರ ಹಿಮ ತೊಡೆ ಮಟ್ಟ ಇತ್ತು. ಹಲಗೆಯನ್ನು ಅಂಗಿಯೊಳಗೆ ಎದೆಗೆ ಕಟ್ಟಿಕೊಂಡು ದಾಟಿದೆ.

ಎಗ್ಲಿನ್ ವೈದ್ಯರು ಊಟ ಮಾಡುತ್ತಿದ್ದರು. ಕೆರೆಯ ಮೀನು. ನಾನು ನಿಂತಲ್ಲೇ ಹೇಳಿದೆ. ಎಲ್ಲಿಂದ ಶುರು ಮಾಡಬೇಕು ತಿಳಿಯದೆ ಕ್ಲೇವಿಯ ವಿನಿಗರಿನಿಂದ ಶುರು ಮಾಡಿದೆ. ಅವರು ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದರು.

“ಬ್ರಾಂಡ್ಲರ್ ಅವರ ಪತ್ರ ಇದೆಯಾ?”

ಇಲ್ಲ ಎಂದೆ.

“ಅವರ ಕೈಬರಹದ ಪತ್ರ, ಮುದ್ರೆ ಒತ್ತಿದ್ದು, ನನ್ನ ಪೆಟ್ಟಿಗೇಲಿದೆ. ಅದನ್ನ ಬಿಟ್ಟು ಅಂಟು ಹಚ್ಚೋಳ ಮಾತು ಕೇಳು ಅಂತೀಯಾ?”

ನಾನು ಹಲಗೆ ಬಿಚ್ಚಿ ಊಟದ ತಟ್ಟೆಯ ಪಕ್ಕ ಇಟ್ಟೆ. ನಿಮ್ಮ ಇಪ್ಪತ್ತೆರಡು ತನ್ನಿ ಸ್ವಾಮಿ, ಚೀಟಿ ಮೇಲೆ ಚೀಟಿ ಇಟ್ಟು ನೋಡಿ, ಆಮೇಲೆ ನನ್ನನ್ನು ಹೊರಗೆ ಹಾಕಿ ಎಂದೆ. ಅಷ್ಟು ಮಾತು ನಾನು ಯಾವ ದೊಡ್ಡವರ ಮುಂದೆಯೂ ಆಡಿರಲಿಲ್ಲ.

ಅವರು ಎದ್ದು ಹೋಗಿ ತಮ್ಮ ಕಂತೆ ತಂದರು. ತಮ್ಮ ಇಪ್ಪತ್ತೆರಡನೇ ಚೀಟಿಯನ್ನು ನಮ್ಮ ಇಪ್ಪತ್ತೆರಡರ ಮೇಲೆ ಇಟ್ಟರು. ಒಟ್ಟಿಗೆ ಕತ್ತರಿಸಿದ್ದಲ್ಲವೇ, ಸೀಳಿನ ಅಂಕುಡೊಂಕು ಒಂದಕ್ಕೊಂದು ಕೂತಿತು. ಅವರ ಚೀಟಿಯೊಳಗೆ ದಪ್ಪ ಕಾಂಡ. ನಮ್ಮ ಹಾಳೆಯಲ್ಲಿ ಆ ಚೀಟಿಯ ಪಕ್ಕ ಸಣ್ಣ ಕಾಂಡ. ಇಪ್ಪತ್ತೇಳನ್ನೂ ಇಟ್ಟು ನೋಡಿದರು. ಆಮೇಲೆ ಟೋಪಿಯನ್ನೂ ಹಾಕದೆ ಹೊರಗೆ ನಡೆದರು. ನಾನು ಹಿಂದೆ ಓಡಿದೆ.

ಬೇರನ್ನು ಎರಡು ಮನೆಗೆ ಕೊಟ್ಟಿದ್ದರು. ಹಿಮಕ್ಕೆ ಮುಂಚೆ ಕಿತ್ತ ಬೇರು ಒಣಗಲು ಹೊತ್ತು ಹಿಡಿದಿದ್ದರಿಂದ ಹಿಂದಿನ ವಾರವಷ್ಟೇ ಕೊಟ್ಟದ್ದು.

ಮೊದಲು ಗಾಡಿಗಾಲಿ ಮಾಡುವವನ ಮನೆ. ಒಲೆಯ ಮೇಲೆ ದಾರದಲ್ಲಿ ಬೇರು ನೇತಾಡುತ್ತಿತ್ತು. ಹಸು ಬತ್ತಿ ಹೋಗಿದೆ, ನೆರೆಯವರ ಹಸು ಕರು ಹಾಕಲಿ, ಹಾಲು ಸಿಗಲಿ ಎಂದು ಕಾದಿದ್ದರಂತೆ. ಒಂದು ಮಗು ಮೂಲೆಯಲ್ಲಿ ಕೆಮ್ಮುತ್ತಿತ್ತು. ಎಗ್ಲಿನ್ ವೈದ್ಯರು ಬೇರನ್ನು ಕಿತ್ತು ಒಲೆಗೆ ಹಾಕಿ, ಇದು ಹಳಸಿದೆ, ಬೇರೆ ತಂದುಕೊಡುತ್ತೇನೆ ಎಂದರು.

ಆಮೇಲೆ ದೋಣಿಯವನ ಮನೆ. ಅಲ್ಲಿ ಕೆಮ್ಮು ಕೇಳಿಸಲಿಲ್ಲ. ದೋಣಿಯವನ ಹೆಂಡತಿ ಬಾಗಿಲು ತೆಗೆದು, ವೈದ್ಯರ ಕೈ ಹಿಡಿದುಕೊಂಡಳು. ಮಗುವನ್ನು ಮಣ್ಣು ಮಾಡಿ ನಾಲ್ಕು ದಿನ ಆಗಿತ್ತು.

“ನೀವು ಮಾಡೋದೆಲ್ಲ ಮಾಡಿದ್ರಿ ಸ್ವಾಮಿ. ಬೇರು ಕೊಟ್ಟ ರಾತ್ರೀನೇ ಕೆಮ್ಮು ನಿಂತೋಗಿತ್ತು. ನಮ್ಮ ಹಣೇಲಿ ಇರಲಿಲ್ಲ,” ಎಂದಳು.

ವೈದ್ಯರು ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳು ನಮಗೆ ಬಿಸಿ ಸಾರು ಬಡಿಸಿದಳು. ವೈದ್ಯರು ಅದನ್ನು ಕುಡಿದರು. ನಾನು ಬಟ್ಟಲು ಕೆಳಗಿಟ್ಟೆ.

ವಾಪಸು ಬರುವಾಗ ಎಗ್ಲಿನ್ ವೈದ್ಯರು ಬ್ರಾಂಡ್ಲರ್ ಅವರಿಗೆ ಮುದ್ರೆ ಒತ್ತಿದ ಪತ್ರ ಕೊಟ್ಟರು. ಹಾಳೆಗಳನ್ನೂ ವಾಪಸು ಕೊಟ್ಟರು. ಪತ್ರದಲ್ಲಿ ಏನು ಬರೆದಿದ್ದರೋ ನನಗೆ ಗೊತ್ತಿಲ್ಲ. ಕುಶಲೋಪರಿ ಇರಲಿಲ್ಲ ಎಂದು ಮಾತ್ರ ಗೊತ್ತು, ಪತ್ರ ಅಷ್ಟು ಚಿಕ್ಕದಿತ್ತು.

ಪ್ಲೋನಕ್ಕ ಏಶೆನ್ ಬಾಗಿಲ ಹತ್ತಿರವೇ ಕಾದಿದ್ದಳು. ಮೊದಲು ಗಾಡಿಗಾಲಿ ಮಾಡುವವನ ಮನೆಗೆ ಹೋದೆವು, ಬೇರು ಇನ್ನೂ ನೇತಾಡುತ್ತಿತ್ತು, ಒಲೆಗೆ ಹಾಕಿದರು ಎಂದೆ.

“ಅಷ್ಟೇನಾ?”

“ಅಷ್ಟೇ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಹಲಗೆ ತೆಗೆದುಕೊಂಡು ನಡೆದಳು.

ಬ್ರಾಂಡ್ಲರ್ ವೈದ್ಯರು ಪತ್ರ ಓದಿ ಅವಳನ್ನು ಕರೆದರು. ನಾನು ಹಜಾರದಲ್ಲಿ ನಿಂತಿದ್ದೆ. ನನ್ನ ಪುಸ್ತಕದಿಂದ ಎರಡು ಹಾಳೆ ಕತ್ತರಿಸಿದ್ದೀಯ, ಕತ್ತರಿಸುವ ಕೈ ಈ ಮನೆಯಲ್ಲಿ ಇರಬಾರದು ಎಂದರು. ಪತ್ರದಲ್ಲಿ ಇದ್ದಿರಲೇಬೇಕಾದ ದೋಣಿಯವನ ಮಗುವಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು. ಅದು ಅವಳ ಮೇಲಿನ ಕರುಣೆಯೋ, ಆ ಎಂಟು ದಿನ ಅವರದೂ ಆಗಿತ್ತು ಎಂಬ ಸಂಕಟವೋ, ಇವತ್ತಿಗೂ ನನಗೆ ತಿಳಿದಿಲ್ಲ.

ಅವಳು ಒಂದೇ ಒಂದು ಕೇಳಿದಳು, ಹಾಳೆ ಅಂಟಿಸಿ ಹೋಗುತ್ತೇನೆ ಎಂದು. ವೈದ್ಯರು ಬೇಡ ಎನ್ನಲಿಲ್ಲ. ಗಂಜಿ ಕಾಯಿಸಿ, ಕತ್ತರಿಸಿದ ಅಂಚಿಗೆ ಕಾಗದದ ಪಟ್ಟಿ ಕೊಟ್ಟು ಹಾಳೆಗಳನ್ನು ಸೇರಿಸಿದಳು. ಚೀಟಿಗಳನ್ನು ಬಿಸಿ ನೀರಿನ ಬಟ್ಟೆಯಲ್ಲಿ ಎಬ್ಬಿಸಿ ಅವುಗಳ ಸರಿಯಾದ ಜಾಗಕ್ಕೆ ಹಾಕಿದಳು. ವೈದ್ಯರು ಪಕ್ಕದಲ್ಲಿ ನಿಂತು ನೋಡಿದರು. ಒಂಬತ್ತನೇ ಪುಸ್ತಕದಲ್ಲಿ ಆ ಪಟ್ಟಿ ಈಗಲೂ ಇದೆ. ಬಂದ ಪಂಡಿತರು ಇಲಿ ಕಡಿದದ್ದು ಎಂದುಕೊಳ್ಳುತ್ತಾರೆ.

ಮತ್ತೆ ಗಿರಣಿಗೇ ಹೋದಳು. ಹಾಳೆ ಎತ್ತುವ ಕೆಲಸ ಹೆಂಗಸರಿಗಿಲ್ಲ. ಚಿಂದಿ ಆರಿಸುವ ಕೆಲಸ ಸಿಕ್ಕಿತು. ಹಳೇ ಬಟ್ಟೆಯ ಗುಂಡಿ, ಹೊಲಿಗೆ ಬಿಚ್ಚಿ ನಾರು ಬೇರೆ ಮಾಡುವುದು. ಧೂಳು ಎದೆಗೆ ಕೂರುತ್ತದೆ. ಹನ್ನೊಂದು ವರ್ಷ ಅದನ್ನೇ ಮಾಡಿದಳು.

ನಾನು ಪ್ರತಿ ಸಲ ಬೀಲ್‌ನಿಂದ ಬಂದಾಗ ಗಿರಣಿಯ ಹತ್ತಿರ ಹೋಗುತ್ತಿದ್ದೆ. ಒಂದು ವರ್ಷ ಎಗ್ಲಿನ್ ವೈದ್ಯರ ಹೊರೆಯನ್ನು ಬಾಗಿಲಲ್ಲಿ ಬಿಚ್ಚಿದಾಗ ಚೀಟಿಗಳನ್ನು ಕಾಂಡಕ್ಕೆ ದಾರ ಹಾಕಿ ಹೊಲಿದಿದ್ದು ಕಂಡೆ. ಈಗ ಅವರು ಹೀಗೇ ಕಳಿಸುತ್ತಾರೆ ಎಂದು ಅವಳಿಗೆ ಹೇಳಿದೆ.

“ಎಷ್ಟು ಹೊಲಿಗೆ?” ಎಂದಳು.

ಒಂದು ಎಂದೆ.

“ಒಂದು ಸಾಲದು. ಎರಡು ಹಾಕ್ಬೇಕು ಅನ್ನು.”

ಮುಂದಿನ ಸಲ ಹೇಳಿದೆ. ಎಗ್ಲಿನ್ ವೈದ್ಯರು ತಲೆ ಆಡಿಸಿದರು. ಆಮೇಲಿಂದ ಎರಡು ಹೊಲಿಗೆ ಬಂತು.

ಕೊನೆಯ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ನಾನು ಬಾರ್ಲಿ ಗಂಜಿ ತೆಗೆದುಕೊಂಡು ಹೋಗಿದ್ದೆ. ಎರಡು ಚಮಚ ಕುಡಿದು ಬೇಡ ಎಂದಳು.

“ಎರಡನೇ ಮನೆ ಯಾರದು ಫ್ರಿಡ್ಲಿ?”

ನಾನು ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟೆ.

“ಮೊದಲು ಗಾಡಿಯವನ ಮನೆಗೆ ಹೋದ್ವಿ ಅಂದಿದ್ದೆ. ಆಮೇಲೆ ಎಲ್ಲಿಗೆ ಅಂತ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟು ವರ್ಷ ಆಯ್ತು. ಈಗ ಹೇಳು.”

ಹೇಳಿದೆ. ದೋಣಿಯವನ ಮನೆ, ನಾಲ್ಕು ದಿನ, ಸಾರು ಕೊಟ್ಟದ್ದು ಎಲ್ಲ. ಕೆಮ್ಮಿಂದ ಹೋಯಿತೋ ಬೇರಿಂದ ಹೋಯಿತೋ ಯಾರಿಗೂ ತಿಳಿಯಲಿಲ್ಲ ಎಂದೂ ಹೇಳಿದೆ. ಅವತ್ತು ಬಾಗಿಲನ್ನು ಕಾಲಿಂದ ತಳ್ಳಿ ಗಾಳಿ ಬಿಟ್ಟವನು ನಾನು, ತಪ್ಪು ನನ್ನದು ಎಂದೂ ಹೇಳಿದೆ.

“ಬಾಗಿಲು ತೆಗೀದೆ ಒಳಗೆ ಹ್ಯಾಗೆ ಬರ್ತಿದ್ದೆ ನೀನು,” ಎಂದಳು. “ಎಂಟು ದಿನ ಕಾದೋಳು ನಾನು. ಗಾಳಿ ಅಲ್ಲ.”

ಆಮೇಲೆ ಮಗುವಿನ ಹೆಸರು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಆ ಊರಿಗೆ ಹೋಗಿ ಬಂದರೂ ಕೇಳಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಎಂದೆ.

ಪತ್ರ ಇರಲಿಲ್ಲ, ಸುಮ್ಮನೆ ಹೊರಟೆ. ದೋಣಿಯವನ ಹೆಂಡತಿಗೆ ವಯಸ್ಸಾಗಿತ್ತು. ಯಾಕೆ ಕೇಳುತ್ತಿದ್ದೀಯ ಎಂದಳು. ಬಾಸೆಲ್‌ನಲ್ಲಿ ಒಬ್ಬ ಹೆಂಗಸು ನಿಮ್ಮ ಮಗುವನ್ನು ನೆನೆಸಿಕೊಳ್ಳುತ್ತಾಳೆ ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗೆ ಇರಲಿಲ್ಲ. ಹೆಸರು ಹೇಳಿದಳು. ವಯಸ್ಸನ್ನೂ ಹೇಳಿದಳು.

ನಾನು ವಾಪಸು ಬರುವ ಹೊತ್ತಿಗೆ ಪ್ಲೋನಕ್ಕನನ್ನು ಸಂತ ಆಲ್ಬಾನನ ಇಗರ್ಜಿಯ ಹಿಂದೆ ಮಣ್ಣು ಮಾಡಿ ಎರಡು ದಿನ ಆಗಿತ್ತು. ಅವಳು ಕೇಳಿದ್ದನ್ನು ತಂದಿದ್ದೆ, ಕೊಡಲು ಅವಳಿರಲಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಮಗುವಿನ ಹೆಸರು ಸಲೋಮೆ. ಆ ಚಳಿಗಾಲ ಕಳೆದು ಮೇ ತಿಂಗಳು ಬಂದಿದ್ದರೆ ನಾಲ್ಕು ತುಂಬುತ್ತಿತ್ತು.